ಏಳು ಹೆಡಿ ನಾಗ

ಗದಗ ಬಸ್ ನಿಲ್ದಾಣಕ್ಕ ಮುಳಗುಂದದ ಬಸ್ ಬಂದು ನಿಂತ್ರೂ ಸಿದ್ದಲಿಂಗವ್ವ ಏಳಲಿಲ್ಲ. ಆಕಿ ಕುಂತಿದ್ದ ಕಟ್ಟಿ ಮ್ಯಾಲೆ ಬಾಜೂಕ ಕುಂತ ಯಾರೋ ತಾಯಿ-ಮಗಳ ಜಗಳ ಆಗಷ್ಟೇ ಕಾವೇರಿತ್ತು. ಬಸ್ ಇನ್ನೊಂದು ಬರ್ತೈತಿ, ಇಂಥಾ ಜಗಳ ಬರೂದಿಲ್ಲ.

“ನಸ್ರೀನ, ಲಕ್ಷ್ಮೇಶ್ವರದಾಗ ಮಾಮಾನ ಮನಿಗೆ ನಿನ್ನ ನೋಡಾಕ ಬರೂ ಗಂಡಿನವರು ಕೇಳಿದ್ರ ಕಸೂತಿ ಹಾಕ್ತೀನಿ ಅನ್ನು. ಆ ಕಂಪ್ಯೂಟರ್ ಆಟದ ಸುದ್ದಿ ಎತ್ತಬ್ಯಾಡ.”

“ಅದನ್ನ ಮೊದಲ ಹೇಳ್ತೀನಿ, ಅಮ್ಮೀ.”

“ಇಪ್ಪತ್ತೊಂಬತ್ತು ತುಂಬಿದಾಕಿ ಇನ್ನೂ ಕತ್ತಿ ಹಿಡದು ಪರದೆ ಒಳಗಿನ ಅಡವಿ ತಿರಗತಾಳಂದ್ರ ಮಂದಿ ನಗೂದಿಲ್ಲೇನು?”

“ಅಬ್ಬಾಗ ಅರವತ್ತಾದ್ರೂ ಮೊಹರಮ್ಮಿಗೆ ಮೈತುಂಬ ಬಣ್ಣ ಬಡಕೊಂಡು ಹುಲಿವೇಷ ಕುಣೀತಾನ. ಆಗ ಯಾರು ನಕ್ಕಾರ?”

“ಅದು ಹರಕಿ.”

“ನನಗ ಇದೂ ಹಂಗ. ಸಾಲಿಗೆ ಹೋಗೂವಾಗಿಂದ ಎಂಟು ಭಾಗ ಆಡೇನಿ. ಒಂದ್ರಾಗ ಸತ್ತ ರಾಜನ ಮೊಮ್ಮಗಳು ಮುಂದಿನದ್ರಾಗ ದೊಡ್ಡಾಕಿ ಆಗಿ ಬರ್ತಾಳ. ಅದ ಊರು, ಅದ ಬಾವಿ. ಅಷ್ಟು ವರ್ಷ ನಾನೂ ಅಲ್ಲೇ ಬೆಳದೇನಿ. ಯಾರ ಸಲುವಾಗಿ ಬಿಡ್ಲಿ?”

“ಗಂಡಿನವರು ಎದ್ದು ಹೋದ್ರ?”

“ಹೋಗ್ಲಿ. ಒಂಬತ್ತನೇ ಭಾಗ ಬರೂದೈತಿ.”

ಲಕ್ಷ್ಮೇಶ್ವರದ ಬಸ್ ಬಂತು. ತಾಯಿ ತಲಿ ಮ್ಯಾಲಿನ ಸೆರಗು ಜಗ್ಗಿಕೊಂಡು ಚೀಲ ಎತ್ತಿದಳು. ಎರಡು ಹೆಜ್ಜಿ ಇಟ್ಟು ತಿರುಗಿ ನಿಂತಳು.

“ಹೇಳೂದಾದ್ರ ಪೂರಾ ಹೇಳು.”

“ಏನು?”

“ನಾಕನೇ ಭಾಗದಾಗ ನಿನಗ ಒಂದು ತಿಂಗಳು ಜಗ್ಗದಿದ್ದ ಆ ಏಳು ಹೆಡಿ ನಾಗ ತಾನಾಗಿ ಸಾಯಲಿಲ್ಲ. ನೀ ಹೊಲಿಗಿ ಕ್ಲಾಸಿಗೆ ಹೋದಾಗ ಕೆಡವಿದಾಕಿ ನಾನು. ಅದನ್ನೂ ಹೇಳು. ಜಲ್ದಿ ಹತ್ತು, ಸೀಟು ಹಿಡಿ.”