ಸಾಹುಕಾರನ ಮನೆಯ ಬಾಡದ ಹೂವು

ನೋಡಿ, ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮ ಪಕ್ಕದಲ್ಲಿ ಕೂತವರಿಗೆ ಮುಜುಗರವಾದೀತು. ಅವನಿಗೆ ಶುಚಿಯ ಹುಚ್ಚು. ಹೆಂಡತಿ ನೆಟ್ಟ ಮಲ್ಲಿಗೆ ಬಳ್ಳಿ ಹೂ ಉದುರಿಸಿ ಗ್ರಾನೈಟ್ ಕೊಳೆ ಮಾಡುತ್ತದೆಂದು ಬುಡಸಮೇತ ಕೀಳಿಸಿದ. ಬೆಳಬೆಳಗ್ಗೆ ಕೂಗಿಕೊಂಡು ಬರುತ್ತಿದ್ದ ಹೂವಾಡಗಿತ್ತಿಯನ್ನು, "ನಮ್ಮ ಬೀದೀಲಿ ಗಲಾಟೆ ಮಾಡ್ಬೇಡ, ಹೋಗು" ಎಂದು ಗದರಿಸಿ ಅಟ್ಟಿದ. ಆಮೇಲೆ ಬಾಗಿಲಿಗೆ ಪ್ಲಾಸ್ಟಿಕ್ ಚೆಂಡುಹೂವಿನ ತೋರಣ, ದೇವರಿಗೆ ಬಟ್ಟೆಯ ಗುಲಾಬಿ. ಹದಿನೈದು ದಿನಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ತೆಗೆದರೆ ಮುಗಿಯಿತು. ಆಹಾ, ದೇವರ ಭಾಗ್ಯವೇ! ಮುಡಿಗೆ ಏರುವ ಹೂವೂ ಒಗೆದದ್ದೇ!

ಅವನ ಒಬ್ಬಳೇ ಮಗಳು ಏಳು ತಿಂಗಳ ಬಸುರಿ. ತವರಿನಲ್ಲಿ ಹೂ ಮುಡಿಸುವ ಶಾಸ್ತ್ರ. ಗಮನಿಸಿ, ಶಾಸ್ತ್ರದ ಹೆಸರೇ ಹೂ ಮುಡಿಸುವುದು. ಅವಳ ಬಯಕೆಯೂ ಅದೊಂದೇ.

"ಸೀರೆ, ಬಳೆ ಏನೂ ಬೇಡಪ್ಪ. ಘಮ ಘಮ ಅನ್ನೋ ಮಲ್ಲಿಗೆ ಮೊಗ್ಗಿನ ಜಡೆ ಹಾಕ್ಸು, ಸಾಕು."

ಸಾಹುಕಾರ ಏನು ಮಾಡಿದ? ಅಂಗಡಿಯಿಂದ ಬಟ್ಟೆ ಮೊಗ್ಗಿನ ಜಡೆ ತರಿಸಿದ. ಅದರ ಮೇಲೆ ಮಲ್ಲಿಗೆ ಸೆಂಟು ಬೇರೆ, ಪುಸ್ ಪುಸ್ ಎಂದು! ಮುಡಿಸಿದ್ದೇ ತಡ, ಹುಡುಗಿ ಆ ಸೆಂಟಿನ ವಾಸನೆ ತಾಳದೆ ಬಚ್ಚಲಿಗೆ ಓಡಿದಳು. ಬಂದವಳು ಜಡೆ ಕಿತ್ತು ಅಪ್ಪನ ಕೈಗಿಟ್ಟು ಅತ್ತೇಬಿಟ್ಟಳು.

"ಹುಟ್ಟಿದ್ ಮನೇಲಿ ನಂಗೊಂದು ಮೊಳ ಹೂವಿಲ್ವೇನಪ್ಪ?"

ಸಾಹುಕಾರ ಗಡಿಯಾರ ನೋಡಿದ. ಆರತಿ ತಟ್ಟೆ ಹಿಡಿದ ಮುತ್ತೈದೆಯರು ಕಾಯುತ್ತಿದ್ದಾರೆ, ರಾಹುಕಾಲಕ್ಕೆ ಇನ್ನು ಅರ್ಧ ಗಂಟೆ. ಜರಿಪಂಚೆ ಎತ್ತಿ ಕಟ್ಟಿ, ಕಾರು ಹೋಗದ ಸಂದಿಯಲ್ಲಿ ಹೂವಾಡಗಿತ್ತಿಯ ಮನೆಗೆ ಓಡಿದ. ಬುಟ್ಟಿ ಖಾಲಿಯಾಗಿತ್ತು. ಅಂಗಳದ ಬಳ್ಳಿಯಲ್ಲಿ ಮಾತ್ರ ಒಂದು ಬೊಗಸೆ ಮೊಗ್ಗು, ತನ್ನ ಮನೆದೇವರಿಗೆಂದು ಅವಳು ಬಿಟ್ಟದ್ದು.

"ತಾಯೀ, ಮಗಳು ಅಳ್ತಿದಾಳೆ" ಎಂದ. ಅಂದು ಗದರಿಸಿದ್ದವನೇ ಈಗ ಕೈಮುಗಿದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಮುಖ ನೋಡಿ ಕೊಡ್ತಿಲ್ಲ ಸ್ವಾಮಿ. ದೇವ್ರು ನಾಳೆವರ್ಗೂ ಕಾಯ್ತಾನೆ, ಬಸುರಿ ಬಯಕೆ ಕಾಯಕಿಲ್ಲ" ಎಂದು ಬಿಡಿಸಿ, ನಿಂತಲ್ಲೇ ಕಟ್ಟಿಕೊಟ್ಟಳು.

ಜಡೆಗೆ ಸಾಲಲಿಲ್ಲ, ಒಂದು ಮೊಳವಾಯಿತು. ಮಗಳು ಮುಡಿದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡು ನಕ್ಕಳು. ಸಾಹುಕಾರ ನಾಚಿಕೆಯಿಂದ ಕಂಬದ ಮರೆಗೆ ಸರಿದು ಕಣ್ಣೊರೆಸಿಕೊಂಡ.

ನಗುತ್ತೀರಾ? ನಗಿ, ನಗಿ. ಈಗ ತಾನೇ ನನ್ನ ಕೊರಳಿಗೆ ಹಾಕಿದಿರಲ್ಲ ಹಾರ, ಇದರಲ್ಲಿ ಹೂವೆಲ್ಲಿದೆ ತೋರಿಸಿ! ಹೋದ ವರ್ಷವೂ ಇದೇ ಹಾರ, ಅವತ್ತೂ ಇಲ್ಲೇ ಚುಚ್ಚಿತ್ತು. ಇವತ್ತು ಮನೆಗೆ ಹೋದವರೇ ಆ ಪ್ಲಾಸ್ಟಿಕ್ ತೋರಣ ಬಿಚ್ಚಿ. ಹಳೇ ಡಬ್ಬದಲ್ಲಾದರೂ ಒಂದು ದಾಸವಾಳವೋ ಕಾಕಡವೋ ನೆಡಿ. ಜಾಗವಿಲ್ಲವೇ? ಬೀದಿಗೆ ಬರುವ ಹೂವಾಡಗಿತ್ತಿಯನ್ನು ಕರೆದು ದಿನಾ ಒಂದು ಮೊಳ ತಗೊಳ್ಳಿ, ಚೌಕಾಸಿ ಮಾಡದೆ ತಗೊಳ್ಳಿ. ಸಂಜೆಗೆ ಬಾಡುತ್ತದೆ ಅಂತೀರಾ? ಬಾಡಲಿ ಬಿಡಿ. ನೀವೂ ನಾನೂ ಬಾಡುವವರೇ. ಅಷ್ಟರೊಳಗೆ ಮನೆಯ ಹೆಣ್ಣುಮಗಳು ಒಂದು ಮೊಳ ಹೂವಿಗೆ ಅಳುವ ಹಾಗೆ ಮಾಡಬೇಡಿ.