ಮಧ್ಯಾಹ್ನ 2.10ರಿಂದ 2.55ರವರೆಗೆ ಸಿಗದ ವೈಫೈ ಕುರಿತು

ಠಾಣಾಧಿಕಾರಿಯವರಿಗೆ,

ಎರಡು ವಿಷಯಗಳನ್ನು ನಾನು ಈ ಹೇಳಿಕೆಯಲ್ಲಿ ಬರೆಯದೆ ಬಿಡುವವಳಿದ್ದೆ. ಮೊದಲನೆಯದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ವೈಫೈನಲ್ಲಿ ಯಾವ ದೋಷವೂ ಇರಲಿಲ್ಲ. ಮೇ 27ರಂದು ಅಣ್ಣನಿಗೆ ಎರಡು ಸಲ, ನಿಮ್ಮ ಕಂಟ್ರೋಲ್ ರೂಮಿಗೆ ಒಂದು ಸಲ ನಾನು ನೆಟ್ ತೊಂದರೆ ಎಂದು ಹೇಳಿದ್ದು ಸುಳ್ಳು. ಎರಡನೆಯದು ಮೇ 14ರಂದು ನಡೆದದ್ದು. ತಾರೀಖಿನ ಕ್ರಮದಲ್ಲಿ ಅದರ ಸರದಿ ಬಂದಾಗ ಬರೆಯುತ್ತೇನೆ.

ನನ್ನ ಹೆಸರು, ವಿಳಾಸಗಳನ್ನು ದೂರಿನ ಮೊದಲ ಪುಟದಲ್ಲಿ ಅಣ್ಣನೇ ಸರಿಯಾಗಿ ಬರೆಸಿದ್ದಾನೆ. ಅವೇ ಇಲ್ಲಿಗೂ ಸಲ್ಲುತ್ತವೆ. ವಯಸ್ಸು 46. ಕಟ್ಟಡಗಳ ನಕ್ಷೆ ಬರೆಯುವ ಕೆಲಸ, ಹೆಚ್ಚಾಗಿ ಮನೆಯಿಂದಲೇ. ಆದ್ದರಿಂದ ಕೆಳಗೆ ಬರುವ ಅಳತೆಗಳು ಅಂದಾಜಿನವಲ್ಲ, ಟೇಪ್ ಹಿಡಿದು ತೆಗೆದವು. ನನ್ನ ಜೊತೆ ಇರುವವರು ನಮ್ಮ ತಾಯಿ, ವಯಸ್ಸು 74. ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಬೀದಿಯಲ್ಲಿ ಇವತ್ತಿಗೂ ಅವರನ್ನು ಹಾಗೆಯೇ ಕರೆಯುತ್ತಾರೆ. ದೂರು ಕೊಟ್ಟಿರುವುದು ನನ್ನ ಅಣ್ಣ, ವಯಸ್ಸು 51, ಲಾರಿ ಬುಕಿಂಗ್ ಆಫೀಸಿನಲ್ಲಿ ಮ್ಯಾನೇಜರ್, ನಮ್ಮ ಮನೆಯಿಂದ 9 ಕಿ.ಮೀ. ದೂರದಲ್ಲಿ ವಾಸ. ಹಾಸಿಗೆ ಹಿಡಿದ ತಾಯಿಯನ್ನು ನಾನು ಬೇಕೆಂದೇ ಯಾರ ಕಣ್ಣಿಗೂ ಬೀಳದಂತೆ ಮಾಡಿ ಅವರ ಜೀವಕ್ಕೆ ಅಪಾಯ ತಂದಿದ್ದೇನೆ ಎಂಬುದು ಅವನ ದೂರು. ನಡೆದದ್ದು ಹೀಗೆ.

ಫೆಬ್ರವರಿ 6ರಂದು ಬೆಳಗ್ಗೆ 11.20ರ ಸುಮಾರಿಗೆ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ನಾನು ಅಳತೆ ತೆಗೆಯಲು ಹೊರಗೆ ಹೋಗಿದ್ದೆ. 2.30ಕ್ಕೆ ಅಣ್ಣ ಬೇರೆ ಕೆಲಸಕ್ಕೆಂದು ಮನೆಗೆ ಬಂದವನು ಅವರನ್ನು ನೋಡಿದ. ಮೂರು ಗಂಟೆ ಹತ್ತು ನಿಮಿಷ ಅವರು ನೆಲದ ಮೇಲಿದ್ದರು. ಈ ಮಾತನ್ನು ಅಣ್ಣ ನನಗೆ ಒಂದೇ ಒಂದು ಸಲ ಹೇಳಿದ್ದಾನೆ. ನಾನು ನನಗೆ ದಿನಾ ಹೇಳಿಕೊಳ್ಳುತ್ತೇನೆ. ಮಾರನೇ ದಿನ ಸೊಂಟದ ಮೂಳೆಗೆ ಆಪರೇಷನ್ ಆಯಿತು. ಆರನೇ ವಾರದಿಂದ ದಿನವೂ ನಡೆಯಲೇಬೇಕು ಎಂದು ಮೂಳೆ ಡಾಕ್ಟರು ಬರೆದುಕೊಟ್ಟ ಚೀಟಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಮಾರ್ಚ್ 12ರಂದು ಅಣ್ಣ ಅಮ್ಮನ ಕೋಣೆಯ ಬೀರುವಿನ ಮೇಲೆ ಕ್ಯಾಮೆರಾ ಇಟ್ಟ. ಕೋಣೆಯಲ್ಲಿ ಏನಾದರೂ ಅಲುಗಾಡಿದರೆ ಅವನ ಫೋನಿಗೆ ಗೊತ್ತಾಗುತ್ತದೆ. ಅವನು ಅಲ್ಲಿಂದ ಮಾತಾಡಿದರೆ ಇಲ್ಲಿ ಕೇಳುತ್ತದೆ. ಅವನ ಆಫೀಸಿನಲ್ಲಿ ನಲವತ್ತು ಲಾರಿಗಳು ಎಲ್ಲಿವೆ ಎಂಬುದನ್ನು ಪರದೆಯ ಮೇಲೆ ನೋಡುತ್ತಾ ಕೂರುವುದೇ ಅವನ ಕೆಲಸ. ಅಮ್ಮ ಆ ದಿನವೇ, ಹಾಗಾದ್ರೆ ನಾನು ನಲವತ್ತೊಂದನೇ ಲಾರಿ ಅನ್ನು, ಎಂದು ನಕ್ಕರು. ಅಣ್ಣನೂ ನಕ್ಕ. ನಾನೂ ನಕ್ಕೆ.

ಆದರೆ ಅಮ್ಮನ ಕೋಣೆ ಮನೆಯ ಹಿಂಬದಿಯಲ್ಲಿದೆ. ಹಾಲಿನಲ್ಲಿರುವ ರೂಟರಿನಿಂದ ಅಲ್ಲಿಗೆ 11.6 ಮೀಟರ್, ನಡುವೆ ಎರಡು ಗೋಡೆ ಮತ್ತು ಬಚ್ಚಲುಮನೆ. ಚಿತ್ರ ಪದೇ ಪದೇ ನಿಂತುಹೋಗುತ್ತಿತ್ತು. ಒಂದು ದಿನ ಅಮ್ಮ ಆಕಳಿಸುವಾಗ ನಿಂತಿತು. ಬಾಯಿ ತೆರೆದುಕೊಂಡಿರುವ ಅಮ್ಮನನ್ನು ನಾಲ್ಕು ನಿಮಿಷ ನೋಡಿದ ಅಣ್ಣ ನನಗೆ ಫೋನ್ ಮಾಡಿ, ಉಸಿರಾಡುತ್ತಿದ್ದಾರಾ ನೋಡು ಎಂದ. ಆ ದನಿ ನನಗೆ ನೆನಪಿದೆ. ಅವನು ಕೆಟ್ಟವನೆಂದು ನಾನು ಎಲ್ಲಿಯೂ ಹೇಳುತ್ತಿಲ್ಲ.

ಏಪ್ರಿಲ್ 5, ಶನಿವಾರ, ಅಣ್ಣ ಮೆಶ್ ವೈಫೈ ಸೆಟ್ ಕಳಿಸಿದ. ಮೂರು ಬಿಳಿ ಡಬ್ಬಿಗಳು. ಒಂದನ್ನು ಹೊರಗಿನಿಂದ ಬರುವ ತಂತಿಗೆ ಸಿಕ್ಕಿಸಬೇಕು; ಉಳಿದೆರಡು ಅದರಿಂದ ಸಿಗ್ನಲ್ ಪಡೆದು ಒಂದು ಇನ್ನೊಂದಕ್ಕೆ ದಾಟಿಸುತ್ತವೆ. ಜೋಡಿಸಿದ್ದು ನಾನೇ. ಎರಡನೇ ಡಬ್ಬಿಯನ್ನು ಮೊದಲು ಫ್ರಿಜ್ ಮೇಲೆ ಇಟ್ಟು ಕೆಟ್ಟೆ. ಆಮೇಲೆ ಅಡುಗೆಮನೆಯ ಬಾಗಿಲ ಮೇಲಿನ ಹಲಗೆಗೆ ಸರಿಸಿದೆ. ಫೋನ್ ಹಿಡಿದು ಮನೆಯಿಡೀ ನಡೆದು, ಸಿಗ್ನಲ್ ಕಡಿಮೆಯಾಗುವ ಕಡೆಯೆಲ್ಲ ನೆಲಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಮೂರನೆಯದು ಅಮ್ಮನ ಕೋಣೆಯಲ್ಲಿ ಬೀರುವಿನ ಪಕ್ಕ ಇದ್ದಾಗ ಕೆಂಪು ದೀಪ ಹೋಗಲೇ ಇಲ್ಲ. ಮಂಚದ ತಲೆಗಡೆಯ ಮೇಜಿಗೆ, 1.8 ಮೀಟರ್ ಈಚೆಗೆ ತಂದೆ. ದೀಪ ಬಿಳಿಯಾಯಿತು. ಅಮ್ಮ ಮಲಗಿದಲ್ಲಿಂದಲೇ ಕಾರಣ ಕೇಳಿದರು. ಕಬ್ಬಿಣ, ಸ್ಟೀಲು ಅಡ್ಡ ಬಂದರೆ ಇದಕ್ಕೆ ಕಣ್ಣು ಕಾಣಲ್ಲ ಅಮ್ಮ, ಎಂದು ನಾನು ವಿವರಿಸಿದೆ. ಅವರು ಹೂಂ ಎಂದರು.

ಕೆಲಸವನ್ನು ನಾನು ಚೆನ್ನಾಗಿ ಮಾಡಿದ್ದೆ. ಚಿತ್ರ ಆಮೇಲೆ ಒಂದು ಸಲವೂ ನಿಲ್ಲಲಿಲ್ಲ. ಅಣ್ಣ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾನೆಂದು ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೆಲಸ ಮಾಡತೊಡಗಿದೆ. ಕ್ಯಾಮೆರಾದಿಂದ ನನಗೂ ಅನುಕೂಲವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಮ್ಮ ಮಂಚದಿಂದ ಕಾಲು ಕೆಳಗಿಟ್ಟ ಕೂಡಲೇ ಬೀರುವಿನ ಮೇಲಿಂದ ಅಣ್ಣನ ದನಿ ಬರುತ್ತಿತ್ತು: “ಅಮ್ಮಾ, ಕೂತ್ಕೋ.” ಏಪ್ರಿಲ್ 16ರಂದು ನಾನು ಎಣಿಸಿದೆ. ಬೆಳಗ್ಗೆಯಿಂದ ಸಂಜೆಯೊಳಗೆ ಹದಿನಾಲ್ಕು ಸಲ. ಡಾಕ್ಟರ ಚೀಟಿಯ ಬಗ್ಗೆ ಹೇಳಿದೆ. ತಾನು ಭಾನುವಾರ ಬಂದಾಗ ಕೈಹಿಡಿದು ನಡೆಸುತ್ತೇನೆ, ಉಳಿದ ದಿನ ಬೇಡ ಎಂದ. ಭಾನುವಾರ ಬಂದ. ಹನ್ನೊಂದು ಹೆಜ್ಜೆ ನಡೆಸಿದ.

ಏಪ್ರಿಲ್ 21ರಿಂದ ಅಮ್ಮನ ಕೋಣೆಯ ಸಿಗ್ನಲ್ ಹೋಗತೊಡಗಿತು. ಮುಂದಿನ ಹನ್ನೊಂದು ದಿನ ನಾನು ಪ್ರಾಮಾಣಿಕವಾಗಿಯೇ ದೋಷ ಹುಡುಕಿದೆ. ಮೂರೂ ಡಬ್ಬಿಗಳನ್ನು ಆರಿಸಿ ಹಚ್ಚಿದೆ, ಅಡಾಪ್ಟರ್ ಬದಲಿಸಿದೆ, ಪಕ್ಕದ ಮನೆಗಳ ವೈಫೈ ಅಡ್ಡ ಬರುತ್ತಿದೆಯೆಂದು ಚಾನೆಲ್ ಬದಲಿಸಿದೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಜೋಡಿಸಿದೆ. ಅಣ್ಣ ನಾಲ್ಕನೇ ಡಬ್ಬಿ ಕಳಿಸಿದ. ಅದನ್ನೂ ಹಜಾರದಲ್ಲಿ ಇಟ್ಟೆ. ಕೇಬಲ್‌ನವರು ಎರಡು ಸಲ ಬಂದರು, ಎರಡು ಸಲವೂ ಬೆಳಗ್ಗೆ 11ಕ್ಕೆ. ಎಲ್ಲ ಸರಿಯಾಗೇ ಇದೆಯಲ್ಲ ಮೇಡಂ, ನಿಮಗೆ ಅನುಮಾನದ ಕಾಯಿಲೆ, ಎಂದು ಹೋದರು.

ಮೇ 1ರಂದು ಫೋನಿನ ವೈಫೈ ಆ್ಯಪಿನಲ್ಲಿದ್ದ ಹತ್ತು ದಿನದ ದಾಖಲೆಯನ್ನು ಕಾಗದದ ಮೇಲೆ ಸಾಲಾಗಿ ಬರೆದುಕೊಂಡೆ. ಸಿಗ್ನಲ್ ಹೋಗುವುದು ಮಧ್ಯಾಹ್ನ 2.10ಕ್ಕೆ. ಬರುವುದು 2.55ಕ್ಕೆ. ಭಾನುವಾರ ಹೋಗುವುದಿಲ್ಲ. ಕೆಡುವ ಯಂತ್ರ ರಜೆ ನೋಡಿಕೊಂಡು ಕೆಡುವುದಿಲ್ಲ. ಅಮ್ಮ ಕಲಿಸುತ್ತಿದ್ದ ಶಾಲೆಯಲ್ಲಿ ನಾನು ಓದಲಿಲ್ಲ, ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಆದರೂ ಅವರ ಡ್ರಿಲ್ ಪೀರಿಯಡ್ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತಿತ್ತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಣ್ಣನಿಗೂ ಗೊತ್ತಿರಬೇಕಿತ್ತು.

ಮೇ 2, ಶುಕ್ರವಾರ, ಮಧ್ಯಾಹ್ನ 2.18ಕ್ಕೆ ನಾನು ಅಮ್ಮನ ಬಾಗಿಲ ಹೊರಗೆ ನಿಂತೆ. ಒಳಗಿನಿಂದ ಸಣ್ಣ ದನಿಯಲ್ಲಿ ಲೆಫ್ಟ್, ರೈಟ್ ಎಂದು ಕೇಳಿಸಿತು. ಒಂದು ಲೆಫ್ಟಿಗೂ ರೈಟಿಗೂ ನಡುವೆ ಮೂರು ಸೆಕೆಂಡು. ಬಾಗಿಲು ತೆಗೆದೆ. ಮೇಜಿನ ಮೇಲಿದ್ದ ಡಬ್ಬಿಯ ಮೇಲೆ ಅನ್ನದ ದೊಡ್ಡ ಸ್ಟೀಲ್ ಪಾತ್ರೆ ಬೋರಲು ಹಾಕಿತ್ತು. ಅಮ್ಮ ಮಂಚಕ್ಕೂ ಬೀರುವಿಗೂ ನಡುವೆ, ಏನನ್ನೂ ಹಿಡಿಯದೆ ನಿಂತಿದ್ದರು. ನನ್ನನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ಬಾಗಿಲು ಹಾಕು. ಪೀರಿಯಡ್ ಮುಗಿದಿಲ್ಲ.”

ನಾನು ಬಾಗಿಲು ಹಾಕಿದೆ. ಅಂದಿನಿಂದ ಮೇ 27ರವರೆಗೆ ಅಣ್ಣ ಕೇಳಿದಾಗಲೆಲ್ಲ ಇನ್ನೂ ನೋಡ್ತಾ ಇದ್ದೀನಿ ಎಂದೆ. ಅವನು ಐದನೇ ಡಬ್ಬಿ ಕಳಿಸಿದ. ಪೆಟ್ಟಿಗೆ ಬಿಚ್ಚಿಲ್ಲ, ಬೇಕಾದರೆ ವಶಪಡಿಸಿಕೊಳ್ಳಬಹುದು.

ಎರಡನೆಯ ವಿಷಯ. ಮೇ 14, ಬುಧವಾರ, ಮಧ್ಯಾಹ್ನ 2.40ಕ್ಕೆ ಅಮ್ಮನ ಕೋಣೆಯಲ್ಲಿ ಬಿದ್ದ ಸದ್ದಾಯಿತು. ನಾನು ಅಡುಗೆಮನೆಯಿಂದ ಓಡಿ ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ, ಬರಬೇಡ, ಎಂದರು. ನಾನು ಒಳಗೆ ಹೋಗಲಿಲ್ಲ. ಎರಡು ನಿಮಿಷ ಇಪ್ಪತ್ತು ಸೆಕೆಂಡು ಬಾಗಿಲ ಹಿಡಿಯನ್ನು ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಮಂಚ ಕಿರುಗುಟ್ಟಿತು. ಆಮೇಲೆ ಲೆಫ್ಟ್ ಎಂದು ಕೇಳಿಸಿತು. ಮೊಣಕಾಲಿಗೆ ಅಂಗೈಯಗಲದ ಬಾವು ಬಂದಿತ್ತು, ಒಂದು ವಾರಕ್ಕೆ ಇಳಿಯಿತು. ಆ ದಿನ ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಣ್ಣನಿಗೆ ಹೇಳಿಲ್ಲ. ದೂರುದಾರನಾಗಿ ಅವನು ಇದನ್ನು ಓದುವಾಗ ಅವನಿಗೆ ಗೊತ್ತಾಗುತ್ತದೆ. ಇದನ್ನು ಬರೆಯಲೋ ಬೇಡವೋ ಎಂದು ನಿನ್ನೆ ಅಮ್ಮನನ್ನೇ ಕೇಳಿದೆ. “ಬಿದ್ದಿದ್ದು ಬರಿ,” ಎಂದರು. “ಎದ್ದಿದ್ದೂ ಬರಿ.”

ಮೇ 27, ಮಂಗಳವಾರ. ಅದಕ್ಕೂ ಮೊದಲು ನಾಲ್ಕು ದಿನ ಅಮ್ಮ ಅಂಗಳದಲ್ಲಿ ಕೋಲು ಹಿಡಿದು ನಡೆದಿದ್ದರು. ಅಂದು 2.10ಕ್ಕೆ ಪಾತ್ರೆ ಮುಚ್ಚಿ, ಆಪರೇಷನ್ ಆದಾಗ ತಂದ ವಾಕರನ್ನು ಮೂಲೆಗೆ ನಿಲ್ಲಿಸಿ, ಟೈಲರ್ ಅಂಗಡಿಗೆ ಹೋಗಿಬರುತ್ತೇನೆ ಎಂದರು. ಗೇಟಿನಿಂದ ಅಲ್ಲಿಗೆ 340 ಮೀಟರ್. ನಾನು ಚಪ್ಪಲಿ ಹಾಕಿಕೊಂಡೆ. ಅಮ್ಮ ತಿರುಗಿ ನೋಡಿ, “ಹಿಂದೆ ಬಂದ್ರೆ ನೀನೂ ಕ್ಯಾಮೆರಾನೇ,” ಎಂದರು. ನಾನು ಗೇಟಿನಲ್ಲೇ ನಿಂತೆ. ತಿರುವಿನವರೆಗೆ 130 ಮೀಟರ್ ಕಾಣುತ್ತದೆ. 2.24ಕ್ಕೆ ಅವರು ತಿರುವು ದಾಟಿದರು.

2.55ಕ್ಕೆ ಅವರು ಬಂದಿರಲಿಲ್ಲ. ಪಾತ್ರೆ ತೆಗೆದರೆ ಅಣ್ಣನಿಗೆ ಖಾಲಿ ಮಂಚ ಕಾಣುತ್ತಿತ್ತು. ತೆಗೆಯಲಿಲ್ಲ. 3.05ಕ್ಕೆ ಅಣ್ಣ ಫೋನ್ ಮಾಡಿದ. ನೆಟ್ ತೊಂದರೆ, ಅಮ್ಮ ಮಲಗಿದ್ದಾರೆ ಎಂದೆ. 3.41ಕ್ಕೆ ಮತ್ತೆ ಮಾಡಿ, ನಿನ್ನ ಫೋನಿನಲ್ಲೇ ಅಮ್ಮನ ಮುಖ ತೋರಿಸು ಎಂದ. ವೈಫೈ ಇಲ್ಲ, ಫೋನಿನ ನೆಟ್ಟೂ ಸಿಗುತ್ತಿಲ್ಲ ಎಂದೆ. ನೀನು ಏನನ್ನೋ ಮುಚ್ಚಿಡುತ್ತಿದ್ದೀಯ ಎಂದ. ಆ ಮಾತು ನಿಜವಾಗಿತ್ತು. 3.56ಕ್ಕೆ ನಿಮ್ಮ ಕಂಟ್ರೋಲ್ ರೂಮಿನಿಂದ ಕರೆ ಬಂತು. ಅವರಿಗೂ ಅದನ್ನೇ ಹೇಳಿದೆ.

4.15ಕ್ಕೆ ನಿಮ್ಮ ಹೆಡ್ ಕಾನ್‌ಸ್ಟೆಬಲ್ ಮತ್ತು ಡ್ರೈವರ್ ಬಂದರು. ಖಾಲಿ ಮಂಚ, ಮೂಲೆಯಲ್ಲಿ ವಾಕರ್, ಬೋರಲು ಪಾತ್ರೆ ಕಂಡವು. ಹೆಡ್ ಕಾನ್‌ಸ್ಟೆಬಲ್ ಪಾತ್ರೆ ಎತ್ತಿ ನೋಡಿದರು. ಬಿಸಿಯಾಗಿದ್ದ ಡಬ್ಬಿಯ ದೀಪ ಬಿಳಿಯಾಯಿತು. ಬೀರುವಿನ ಮೇಲಿಂದ ಅಣ್ಣನ ದನಿ, ಯಾರದು, ಅಮ್ಮ ಎಲ್ಲಿ, ಎಂದು ಕೂಗಿತು. ಹೆಡ್ ಕಾನ್‌ಸ್ಟೆಬಲ್ ಒಂದು ಹೆಜ್ಜೆ ಹಿಂದೆ ಸರಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬೀರು ತನ್ನನ್ನು ವಿಚಾರಣೆ ಮಾಡಿದ್ದು ಇದೇ ಮೊದಲು ಎಂದು ಆಮೇಲೆ ಜೀಪಿನಲ್ಲಿ ಹೇಳಿದರು.

4.32ಕ್ಕೆ ಟೈಲರ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅಮ್ಮ ಸಿಕ್ಕರು. ಟೈಲರ್ ಅವರ ಹಳೆಯ ವಿದ್ಯಾರ್ಥಿನಿ. ಕಾಲು ಸೋತಿತೆಂದು ಕೂತ ಟೀಚರ್, ಅಳತೆ ಕೊಡಲು ಬಂದ ಮೂವರನ್ನು ನೆಟ್ಟಗೆ ನಿಲ್ಲಿಸಿದರು ಎಂದು ಆಕೆ ಸಾಕ್ಷಿ ಹೇಳಲು ಸಿದ್ಧರಿದ್ದಾರೆ. ಹೆಡ್ ಕಾನ್‌ಸ್ಟೆಬಲ್ ವಿಷಯ ತಿಳಿಸಿದಾಗ ಅಮ್ಮ ಅವರಿಗೂ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಲು ಹೇಳಿದರು. ಅವರು ನಿಂತರು. ಜೀಪ್ ಹತ್ತಿ ಎಂದಾಗ, “ಬಂದ ಕಾಲಲ್ಲೇ ಹೋಗ್ತೀನಪ್ಪ,” ಎಂದರು. ಅಮ್ಮ ಮುಂದೆ, ಪಕ್ಕದಲ್ಲಿ ಹೆಡ್ ಕಾನ್‌ಸ್ಟೆಬಲ್, ಹಿಂದೆ ನಾನು, ನನ್ನ ಹಿಂದೆ ಜೀಪು ನಡಿಗೆಯ ವೇಗದಲ್ಲಿ. 340 ಮೀಟರಿಗೆ 38 ನಿಮಿಷ ಹಿಡಿಯಿತು. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು.

ಗೇಟಿನಲ್ಲಿ ಅಣ್ಣ ನಿಂತಿದ್ದ. ಫೆಬ್ರವರಿಯ ನಂತರ ಅಮ್ಮ ಬೀದಿಯಲ್ಲಿ ನಡೆದು ಬರುವುದನ್ನು ಅವನು ನೋಡಿದ್ದು ಅದೇ ಮೊದಲು. ಅವನು ಅಮ್ಮನ ಮೊಣಕೈ ಹಿಡಿದ. ಅಮ್ಮ ಬಿಡಿಸಿಕೊಂಡರು. “ಬಿದ್ದಿದ್ರೆ ಏನಮ್ಮ ಗತಿ,” ಎಂದ. ಅಮ್ಮ ನನ್ನ ಮುಖ ನೋಡಿದರು. ನಾನು ಗೇಟು ತೆಗೆದು ಹಿಡಿದೆ.

ಅದೇ ಸಂಜೆ ಹೆಡ್ ಕಾನ್‌ಸ್ಟೆಬಲ್ ನನ್ನ ಹೇಳಿಕೆಯನ್ನು ತಾವೇ ಬರೆದರು: ನೆಟ್ ಕೆಟ್ಟಿದ್ದರಿಂದ ಅಣ್ಣ ತಂಗಿಯ ನಡುವೆ ತಪ್ಪು ತಿಳುವಳಿಕೆ ಉಂಟಾಯಿತು. ಸಹಿ ಹಾಕಿಬಿಡಿ ಮೇಡಂ, ಮನೆ ಮಾತು ಮನೆಯಲ್ಲೇ ಮುಗಿಯುತ್ತೆ, ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಪೆನ್ನು ತೆಗೆದುಕೊಂಡಿದ್ದೆ. ಅಷ್ಟರಲ್ಲಿ ಅಣ್ಣ, ಇನ್ನು ವೈಫೈ ನಂಬುವುದಿಲ್ಲ, ಜೂನ್ 4ಕ್ಕೆ ಕೇಬಲ್‌ನವರನ್ನು ಕರೆಸಿ ಗೋಡೆ ಕೊರೆದು ಕ್ಯಾಮೆರಾಕ್ಕೇ ನೇರ ತಂತಿ ಎಳೆಸುತ್ತೇನೆ, ಅದಕ್ಕೆ ತಂಗಿ ಅಡ್ಡಿ ಮಾಡಕೂಡದೆಂದು ಬರೆಸಿಕೊಳ್ಳಿ ಎಂದ. ತಂತಿಯ ಮೇಲೆ ಪಾತ್ರೆ ಮುಚ್ಚಲು ಬರುವುದಿಲ್ಲ. ನೆಟ್ ಕೆಟ್ಟಿತ್ತು ಎಂದು ನಾನು ಸಹಿ ಹಾಕಿದರೆ ಅದನ್ನು ರಿಪೇರಿ ಮಾಡಿಸುವುದು ಅವನ ಹಕ್ಕಾಗುತ್ತದೆ. ಪೆನ್ನು ಕೆಳಗಿಟ್ಟೆ. ನಾನೇ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತೇನೆ ಎಂದೆ.

ಆದ್ದರಿಂದ ಹೇಳುವುದು: ಕೆಟ್ಟಿದ್ದು ಏನೂ ಇಲ್ಲ, ರಿಪೇರಿಯೂ ಬೇಕಿಲ್ಲ. ಜೂನ್ 4ರಂದು ಕೇಬಲ್‌ನವರಿಗೆ ನಾನು ಬಾಗಿಲು ತೆಗೆಯುವುದಿಲ್ಲ. ಕ್ಯಾಮೆರಾವನ್ನು ಬೀರುವಿನ ಮೇಲಿಂದ ಇಳಿಸಿ, ಐದನೇ ಡಬ್ಬಿಯ ಪೆಟ್ಟಿಗೆಯ ಜೊತೆ ಇಟ್ಟಿದ್ದೇನೆ. ಸುಳ್ಳು ಹೇಳಿದ್ದಕ್ಕೆ ಏನು ಕ್ರಮವೋ ಅದನ್ನು ನನ್ನ ಮೇಲೆ ಜರುಗಿಸಿ. ಅಮ್ಮ ಇನ್ನೊಮ್ಮೆ ಬೀಳಬಹುದು. ಆಗ ಅಣ್ಣ ನನ್ನನ್ನು ಕೇಳಲಿ, ನಾನು ಉತ್ತರ ಕೊಡುತ್ತೇನೆ. ಅವನಿಗೆ ಅಮ್ಮನನ್ನು ನೋಡಬೇಕಿದ್ದರೆ ಮಧ್ಯಾಹ್ನ 2.10ಕ್ಕೆ ಬರಲಿ. ಬಂದು ಎಣಿಸಲಿ.

ಮೇಲೆ ಬರೆದದ್ದರಲ್ಲಿ ನಾನು ಕಾಣದ್ದು, ಕೇಳದ್ದು, ಅಳೆಯದ್ದು ಏನೂ ಇಲ್ಲ. ಮನೆಯ ನಕ್ಷೆ, ಸಿಗ್ನಲ್ ದಾಖಲೆ, ಡಾಕ್ಟರ ಚೀಟಿ ಲಗತ್ತಿಸಿದೆ. ಸ್ಥಳ: ಅಮ್ಮನ ಕೋಣೆ. ಬರೆದು ಸಹಿ ಮಾಡಿದ್ದು ಮೇ 29, ಗುರುವಾರ.

ಇದನ್ನು ಇವತ್ತೇ ಅಂಚೆಗೆ ಹಾಕಬಹುದಿತ್ತು. ಅಂಚೆ ಕಚೇರಿ ಗೇಟಿನಿಂದ 520 ಮೀಟರ್, ಬಾಗಿಲಲ್ಲಿ ನಾಲ್ಕು ಮೆಟ್ಟಿಲು. ತಾನೇ ಹಾಕುತ್ತೇನೆ ಎಂದು ಅಮ್ಮ ವಿಳಾಸ ಬರೆದ ಲಕೋಟೆಯನ್ನು ಈಗಲೇ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ. ದಿನಕ್ಕೆ 60 ಮೀಟರ್ ಹೆಚ್ಚಿಸುತ್ತಾರಂತೆ: ಶುಕ್ರವಾರ 400, ಶನಿವಾರ 460. ಭಾನುವಾರ ರಜೆ. ನಾನು ಗೇಟಿನಲ್ಲಿ ನಿಂತಿರುತ್ತೇನೆ.

ಅಂಚೆಗೆ ಹಾಕುವ ದಿನ: ಜೂನ್ 2, ಸೋಮವಾರ.