ಇಪ್ಪತ್ತೂ ಮನೆಗೆ ಬಂದವು

ಬಾಗಿಲು ಹಾಕಿಕೊಂಡು ಬನ್ನಿ, ಹೇಳುತ್ತೇನೆ. ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ನಾನು ಕಂಡದ್ದನ್ನು ಕಂಡೆ ಎನ್ನುತ್ತೇನೆ. ಅವನ ಹೆಂಡತಿ ಹೇಳಿದ್ದನ್ನು ಅವಳು ಹೇಳಿದಳು ಎನ್ನುತ್ತೇನೆ. ನನ್ನದೇನೂ ಸೇರಿಸುವುದಿಲ್ಲ.

ನನ್ನ ಈ ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನು ಮನೆಗೆ ನಡೆದು ಹೋಗುವ ದಾರಿಯಲ್ಲಿ ಹಳೆಯ ಇಟ್ಟಿಗೆ ಗೂಡಿನ ಹೊಂಡವಿದೆ. ಮಣ್ಣು ತೆಗೆದೂ ತೆಗೆದೂ ಆಳವಾಗಿ, ಈಗ ನೀರು ನಿಂತಿದೆ. ದಡದಲ್ಲೊಂದು ಆಲದ ಮರ. ಅವನ ಹೆಂಡತಿ ಸಾಕಿದ ಬಾತುಕೋಳಿಗಳು ಹಗಲೆಲ್ಲ ಅಲ್ಲೇ ಈಜುತ್ತಿದ್ದವು. ಒಟ್ಟು ಇಪ್ಪತ್ತು. ಸಂಜೆ ತಾವೇ ಸಾಲುಹಿಡಿದು ಹಿತ್ತಿಲಿಗೆ ಬರುತ್ತಿದ್ದವು. ಬೆಳಿಗ್ಗೆ ಇಪ್ಪತ್ತು ಮೊಟ್ಟೆ. ಅವೆಲ್ಲ ಬೇಕರಿಗೆ.

ಒಂದು ಮಂಗಳವಾರ... ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವನು ಆಲದ ಕೆಳಗೆ ಬಂದಾಗ ಬಾತುಗಳು ನೀರಿನಲ್ಲೇ ಇದ್ದವು. ಒಂದೂ ಸದ್ದು ಮಾಡುತ್ತಿರಲಿಲ್ಲ. ಆಗ ನೀರಿನ ಮೇಲೆ ಒಂದು ಗೆರೆ ಮೂಡಿತು. ಅಲೆಯಲ್ಲ, ಗೆರೆ. ಅದು ನಿಧಾನವಾಗಿ ಕೊನೆಯ ಬಾತಿನ ಹತ್ತಿರ ಬಂದು ನಿಂತಿತು. ಸಲಿಕೆಯಷ್ಟು ಅಗಲದ ತಲೆ... ಎರಡೂ ಕಡೆ ಮೀಸೆ... ಗುಳುಂ. ಖಾಲಿ ಕೊಡವನ್ನು ನೀರಿಗೆ ಅದುಮಿದಾಗ ಕೊನೆಯಲ್ಲಿ ಬರುತ್ತದಲ್ಲ, ಆ ಸದ್ದು. ಎರಡು ಗರಿ ತೇಲಿದವು, ಅಷ್ಟೆ.

ಕಲ್ಲು ಎಸೆದು, ಕೂಗಾಡಿ, ಏದುಸಿರು ಬಿಡುತ್ತ ಮನೆಗೆ ಬಂದ. ಅವಳು ಬಾತುಗಳನ್ನು ಗೂಡಿಗೆ ಸೇರಿಸುತ್ತಿದ್ದಳು.

"ಮೀನು ಕಣೇ! ಮೀಸೆಮೀನು! ಒಂದನ್ನ ನುಂಗಿಬಿಡ್ತು!"

"ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು," ಎಂದು ಅವಳು ಬಾಗಿಲು ಹಾಕಿದಳು. "ಯಾವುದನ್ನ ನುಂಗ್ತು? ನಿಮ್ಮ ಬುದ್ಧೀನಾ?"

ಮರುದಿನ ಬೆಳಿಗ್ಗೆ ಹತ್ತೊಂಬತ್ತು ಮೊಟ್ಟೆ.

ಬುಧವಾರ ಸಂಜೆ ಮತ್ತೆ ಅದೇ ಗೆರೆ, ಅದೇ ಸದ್ದು. ಗೂಡಿನಲ್ಲಿ ಮತ್ತೆ ಇಪ್ಪತ್ತು. ಗುರುವಾರ ಹದಿನೆಂಟು ಮೊಟ್ಟೆ.

"ಉಳಿದೆರಡು ಏನು ಮಾಡ್ತಿವೆ, ಹೇಳು ನೋಡೋಣ?"

"ರಜೆ ಹಾಕಿವೆ. ನಿಮ್ಮ ಡಿಪೋದವರ ಹಾಗೆ."

ಡಿಪೋದಲ್ಲಿ ಹೇಳಿದರೆ ಅಲ್ಲೂ ನಗು. "ಬಾತು ಮೀನನ್ನ ತಿನ್ನುತ್ತೆ ಗುರುವೇ. ನೀನು ಸಿನಿಮಾನ ಉಲ್ಟಾ ನೋಡಿದೀಯ."

ಅವನು ಹಟಮಾರಿ. ಒಂದು ಬಾತಿನ ಕಾಲಿಗೆ ಕೆಂಪು ದಾರ ಕಟ್ಟಿದ. ಶುಕ್ರವಾರ ಸಂಜೆ ಮೀನು ಎಳೆದದ್ದು ಅದನ್ನೇ. ಓಡಿ ಬಂದು ಟಾರ್ಚು ಬಿಟ್ಟು ನೋಡಿದರೆ, ಆ ಬಾತು ಗೂಡಿನ ಮೂಲೆಯಲ್ಲಿ ನಿಂತಿತ್ತು. ಕಾಲಿನಲ್ಲಿ ಕೆಂಪು ದಾರ. ಗಂಟೂ ಅವನು ಹಾಕಿದ ಗಂಟೇ. "ನಾಳೆಯಿಂದ ಇವನ್ನ ಕೂಡಿಹಾಕು," ಎಂದು ಬೇಡಿಕೊಂಡ. "ಇಪ್ಪತ್ತೂ ಕಣ್ಣೆದುರಿಗಿರುವಾಗ ಯಾಕೆ ಕೂಡಿಹಾಕ್ಲಿ?" ಎಂದಳು ಅವಳು. ತಪ್ಪೇನಿಲ್ಲ. ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

ಭಾನುವಾರ ನನಗೆ ಫೋನ್ ಮಾಡಿದ. ಎಲ್ಲವನ್ನೂ ಒಂದೊಂದಾಗಿ ಹೇಳಿದ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳೋ," ಎಂದೆ.

"ನೀನೂನಾ ಅಕ್ಕ... ಒಬ್ಬರಾದ್ರೂ ಒಂದ್ಸಲ ಬಂದು ನೋಡಬಾರದಾ?" ಎಂದು ಫೋನ್ ಇಟ್ಟ. ಅವನಿಂದ ನಾನು ಕೇಳಿದ ಕೊನೆಯ ಮಾತು ಅದು. ಯಾಕೆ ಕೊನೆಯದು ಎನ್ನುತ್ತೇನೆ ಎಂಬುದನ್ನು ಈಗ ಹೇಳುತ್ತೇನೆ.

ಮುಂದಿನ ಬುಧವಾರ ಬೆಳಿಗ್ಗೆ ಹನ್ನೆರಡು ಮೊಟ್ಟೆ. ಸಂಜೆ ಅವನು ಡಿಪೋದಲ್ಲೇ ಕಬ್ಬಿಣ ಬಗ್ಗಿಸಿ ಕೊಕ್ಕೆ ಮಾಡಿಕೊಂಡು, ಹಗ್ಗದ ತುದಿಯನ್ನು ಆಲದ ಬುಡಕ್ಕೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಮನೆಗೆ ಬರದೆ ಇಲ್ಲೇನು ಮಾಡುತ್ತಿದ್ದಾನೆ ಎಂದು ಅವಳು ಸಿಟ್ಟಿನಿಂದ ಬಂದಳು. ಮುಂದಿನದು ಅವಳು ಹೇಳಿದ್ದು.

"ಸಾಕು ಬನ್ನಿ ಮೇಲೆ. ಊರವರ ನಗು ಸಾಲದಾ?"

"ಶ್... ಅಲ್ಲಿ ನೋಡು."

ಗೆರೆ. ಬಾತುಗಳ ಕಡೆ ಹೋಗುತ್ತಿತ್ತು. ಅಗಲವಾದ ತಲೆ ಎದ್ದಿತು. ಗುಳುಂ.

ಅವನು ಅವಳ ಕಡೆ ತಿರುಗಿದ. ಅಷ್ಟು ದಿನಗಳ ಮೇಲೆ ಮೊದಲ ಸಲ ಅವನ ಮುಖ ಅರಳಿತ್ತಂತೆ. "ನೋಡಿದೆಯಾ? ಈಗಲಾದ್ರೂ ನೋಡಿದೆಯಾ?"

"ನೋಡಿದೆ ರೀ... ನೋಡಿದೆ. ಮೇಲೆ ಬನ್ನಿ."

ಅವನ ಹಿಂದೆ ಇನ್ನೊಂದು ಗೆರೆ ಬರುತ್ತಿತ್ತು. ಅವಳು ಕೈ ತೋರಿಸಿದಳು. ಅವನು ತಿರುಗುವಷ್ಟರಲ್ಲಿ... ಗುಳುಂ.

ಅವಳು ಚೀರುತ್ತ ಮನೆಗೆ ಓಡಿದಳು, ಯಾರನ್ನಾದರೂ ಕರೆತರಲು. ಒಳಗೆ ಮಂಚದ ಮೇಲೆ ಅವನು ಕೂತಿದ್ದ. ಪ್ಯಾಂಟು ಒದ್ದೆಯೇ ಆಗಿರಲಿಲ್ಲ. ತಲೆ ಬಾಚಿಕೊಂಡಿದ್ದ.

"ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದ. "ಬಾತೆಲ್ಲ ಬಂದವು. ಇಪ್ಪತ್ತೂ ಇವೆ."

ರಾತ್ರಿ ಅವಳ ಫೋನ್ ಬಂತು, ಮರುದಿನ ಮೊದಲ ಬಸ್ಸಿಗೆ ನಾನು ಹೋದೆ. "ಬಂದೆಯಾ ಅಕ್ಕ," ಎಂದ. ಅದೇ ದನಿ. ಅವಳು ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಇದು ಅವರಲ್ಲ ಅಕ್ಕ. ಯಾರಿಗೆ ಹೇಳಿದ್ರೂ ನಗ್ತಾರೆ. ಗಂಡ ಮನೇಲೇ ಇದ್ದಾನಲ್ಲ, ಇನ್ನೇನು ಬೇಕು ಅಂತಾರೆ."

ನನಗೆ ತಿಳಿದ ಕೆಲಸ ಒಂದೇ, ಪ್ರಶ್ನೆ ಕೇಳುವುದು. ಅವನೆದುರು ಕೂತು ನಮ್ಮಿಬ್ಬರಿಗೇ ಗೊತ್ತಿದ್ದ ಹತ್ತು ಸಂಗತಿ ಕೇಳಿದೆ. ಬಾಲ್ಯದಲ್ಲಿ ಒಡೆದ ಕಿಟಕಿ ಯಾರದು, ನಮ್ಮ ಗುಟ್ಟಿನ ಡಬ್ಬಿ ಎಲ್ಲಿತ್ತು, ಅಜ್ಜಿ ಅವನನ್ನು ಏನೆಂದು ಕರೆಯುತ್ತಿದ್ದರು. ತಡವರಿಸದೆ ಹೇಳಿದ. ಹತ್ತಕ್ಕೆ ಹತ್ತು.

ಅವನಿಗೆ ಪಾಠ ಹೇಳಿಕೊಟ್ಟವಳು ನಾನು. ನನ್ನ ತಮ್ಮ ಹುಟ್ಟಿದಾಗಿನಿಂದ ಹತ್ತಕ್ಕೆ ಆರರ ಮೇಲೆ ತೆಗೆದವನಲ್ಲ.

ಶನಿವಾರ ನಾವಿಬ್ಬರೂ ಪೊಲೀಸ್ ಠಾಣೆಗೆ ಹೊರಟೆವು. "ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿಕೊಂಡು ಅವನೂ ಬಂದ. ಏನೆಂದು ತಡೆಯುವುದು?

"ಯಾರಮ್ಮ ಕಾಣೆಯಾಗಿರೋದು?" ಎಂದು ಪೇದೆ ಕೇಳಿದ.

"ನಮ್ಮ ಯಜಮಾನ್ರು."

"ಇವರು ಯಾರು ಹಾಗಾದ್ರೆ?"

"ಗೊತ್ತಿಲ್ಲ. ಅವರ ಹಾಗೇ ಇದ್ದಾರೆ."

ಪೇದೆ ನನ್ನ ಮುಖ ನೋಡಿದ. ನಾನು ಟೀಚರ್ ಎಂದು ಹೇಳಿಕೊಂಡೆ. ಅದರಿಂದ ಏನೂ ಉಪಯೋಗವಾಗಲಿಲ್ಲ. ನಮ್ಮನ್ನು ಸಾಗಹಾಕಿದರೆ ಸಾಕೆಂದು ಒಂದು ಹಾಳೆ ಎಳೆದುಕೊಂಡ. "ಸರಿ, ಗುರುತು ಹೇಳಿ."

ಅವಳು ಅಳುತ್ತಿದ್ದಳು. ಹೇಳಿದವನು ಅವನು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು, ಮೆಲ್ಲಗೆ. "ಐದು ಅಡಿ ಏಳು. ಗೋಧಿ ಬಣ್ಣ. ಎಡ ಮುಂಗೈಯಲ್ಲಿ ಸುಟ್ಟ ಕಲೆ."

ಪೇದೆಗೆ ನಗು ತಡೆಯಲಾಗಲಿಲ್ಲ. "ಕೊನೇ ಸಲ ಕಂಡದ್ದು ಯಾವಾಗ ಸ್ವಾಮಿ?"

"ಬುಧವಾರ ಸಂಜೆ. ಆರು ಮುಕ್ಕಾಲು. ನೀರಿನಲ್ಲಿ."

ಪೇದೆಯ ನಗು ಅಲ್ಲಿಗೆ ನಿಂತಿತು. ಸಹಿಗೆಂದು ಹಾಳೆಯನ್ನು ಅವಳ ಕಡೆ ತಳ್ಳಿದ. ಅವಳ ಕೈಯಿಂದ ಪೆನ್ನು ಜಾರಿ ಬಿತ್ತು. ತಮ್ಮನಂತಿದ್ದವನು ಅದನ್ನು ಎತ್ತಿಕೊಂಡ.

ಮೂರು ವರ್ಷವಾಯಿತು. ಅವನು ಆ ಮನೆಯಲ್ಲೇ ಇದ್ದಾನೆ, ಡಿಪೋಗೆ ಹೋಗುತ್ತಾನೆ, ಒಂದು ದಿನವೂ ತಪ್ಪಿಸುವುದಿಲ್ಲ. ಅವಳು ತವರಿನಲ್ಲಿದ್ದಾಳೆ. ಬದುಕಿರುವವನಿಗಾಗಿ ಅಳುವ ನನ್ನನ್ನು ಕಂಡು ಜನ ಸುಮ್ಮನಾಗುತ್ತಾರೆ.

ನಂಬದಿದ್ದರೆ ಬಿಡಿ. ಆ ಹಾಳೆಯ ನಕಲು ನನ್ನ ಹತ್ತಿರವಿದೆ. ದೂರು ಕೊಟ್ಟವರ ಜಾಗದಲ್ಲಿರುವುದು ಅವನ ಸಹಿ.